ಹಳೇ ಬೆಂಜಿನಲ್ಲಿ ಒಂದು ಮಳೆಗಾಲದ ಸುತ್ತು

ಶಿವಮೊಗ್ಗದ ಯಾವ ಬಂಕಿಗೆ ಹೋದರೂ ನನಗೆ ಎರಡು ಪ್ರಶ್ನೆ ಖಾಯಂ. ಎಷ್ಟು ಕೊಡುತ್ತೆ? ಎಷ್ಟಕ್ಕೆ ತಗೊಂಡ್ರಿ? ಮೊದಲನೇದಕ್ಕೆ ಉತ್ತರ ಸುಲಭ. ಹೈವೇಯಲ್ಲಿ ಲೀಟರಿಗೆ ಹದಿಮೂರೋ ಹದಿನಾಲ್ಕೋ, ಘಾಟಿಯಲ್ಲಿ ಹತ್ತು. ಎರಡನೇದಕ್ಕೆ ಉತ್ತರ ಹೇಳಿದ ತಕ್ಷಣ ಕೇಳಿದವರ ಮುಖ ಬದಲಾಗುತ್ತದೆ. 1996ರ ಮರ್ಸಿಡಿಸ್ ಬೆಂಜ್, ಇ 250 ಡೀಸೆಲ್, ಇವತ್ತಿನ ಹೊಸ ಸಣ್ಣ ಕಾರಿಗಿಂತ ಕಡಿಮೆ ದುಡ್ಡಿಗೆ ಬಂತು ಅಂದರೆ ಕೆಲವರಿಗೆ ಆಸೆ, ಕೆಲವರಿಗೆ ಅನುಮಾನ. "ಅಷ್ಟು ಕಮ್ಮಿಗೆ ಕೊಟ್ರು ಅಂದ್ರೆ ಅದರಲ್ಲಿ ಏನೂ ಉಳಿದಿಲ್ಲ ಅಂತ ತಾನೇ ಸಾರ್?" ಅಂತ ಡೀಸೆಲ್ ಹಾಕುತ್ತಿದ್ದ ಹುಡುಗನೊಬ್ಬ ಕೇಳಿದ.

ಅವನು ಮಾತಿಗೆ ಕೇಳಿದ್ದು. ನನಗೆ ಮಾತ್ರ ಅದು ತಲೆಯಲ್ಲಿ ಕೂತುಬಿಟ್ಟಿತು. ಐಷಾರಾಮಿ ಕಾರು ಅಂತ ನಾವು ಕರೆಯುವುದು ಯಾವುದನ್ನು? ಬೆಲೆಯನ್ನೋ, ಕಾರನ್ನೋ? ಬೆಲೆ ಪೂರ್ತಿ ಇಳಿದು ಹೋದ ಮೇಲೆ, ನೋಡಿ ಹೊಟ್ಟೆ ಉರಿದುಕೊಳ್ಳುವವರೂ ಇಲ್ಲವಾದ ಮೇಲೆ, ಆ ಕಬ್ಬಿಣ, ಚರ್ಮ, ಮರದಲ್ಲಿ ಏನಾದರೂ ಉಳಿದಿರುತ್ತದೆಯೇ? ಊರೊಳಗೆ ಓಡಿಸಿದರೆ ಇದು ಗೊತ್ತಾಗುವುದಿಲ್ಲ. ಗೋಪಿ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಎಲ್ಲಾ ಕಾರೂ ಒಂದೇ. ದೂರ ಹೋಗಬೇಕು, ಕೆಟ್ಟ ರಸ್ತೆಯಲ್ಲಿ ಹೋಗಬೇಕು, ಜೊತೆಗೆ ಸುಳ್ಳು ಹೇಳದ ಒಬ್ಬರು ಹಿಂದಿನ ಸೀಟಿನಲ್ಲಿ ಕೂತಿರಬೇಕು.

ನನಗೆ ಆ ಒಬ್ಬರು ಅಮ್ಮ. ಎಪ್ಪತ್ತು ದಾಟಿದೆ, ಸೊಂಟ ನೋವು ಹಳೇದು. ಬಸ್ಸಿನಲ್ಲಿ ಸಾಗರಕ್ಕೆ ಹೋಗಿ ಬಂದರೆ ಮರುದಿನ ಏಳುವುದಿಲ್ಲ. 2025ರ ಮಳೆಗಾಲದಲ್ಲಿ ಅವಳೇ ಹೊರಡಿಸಿದಳು. ಸಿಗಂದೂರಿನ ಸೇತುವೆ ಆಯ್ತಂತೆ, ಒಂದು ಸಲ ಅದರ ಮೇಲೆ ಹೋಗಬೇಕು. ಅಲ್ಲಿಗೆ ಹೋದ ಮೇಲೆ ಕೊಲ್ಲೂರು ಬಿಡುವುದು ಹೇಗೆ, ಉಡುಪಿ ಬಿಡುವುದು ಹೇಗೆ, ಕಳಸದಲ್ಲಿ ಚಿಕ್ಕಮ್ಮ ಇದ್ದಾಳೆ, ಹೊರನಾಡು ಅಲ್ಲೇ ಪಕ್ಕದಲ್ಲಿ. ಹೀಗೆ ಬೆಳೆದು ಬೆಳೆದು ಅದು ಘಟ್ಟ ಇಳಿದು ಘಟ್ಟ ಹತ್ತುವ ದೊಡ್ಡ ಸುತ್ತೇ ಆಯಿತು.

ಕಾಫಿ ದುಡ್ಡಿನ ಕಾರು

ಹೊರಡುವ ಮೊದಲು ಈ ಕಾರಿನ ಹುಟ್ಟಿನ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಇದು ಮಲೆನಾಡಿಗೆ ಬಂದಿದ್ದು ಸುಮ್ನೆ ಅಲ್ಲ. ಟಾಟಾದವರ ಟೆಲ್ಕೋ ಕಂಪನಿ ಜೊತೆ ಸೇರಿ ಪುಣೆಯಲ್ಲಿ ಬೆಂಜ್ ಕಾರು ಜೋಡಿಸಲು ಶುರು ಮಾಡಿದ್ದು 1995ರಲ್ಲಿ. ಡಬ್ಲ್ಯೂ 124 ಅನ್ನುವ ಈ ಮಾದರಿ ಜರ್ಮನಿಯಲ್ಲಿ 1984ರಲ್ಲೇ ಬಂದಿತ್ತು, ನಮಗೆ ಸಿಕ್ಕಿದ್ದು ಅದರ ಕೊನೇ ವರ್ಷಗಳು. ಮಾರುತಿ 800 ಎರಡು ಲಕ್ಷದ ಆಸುಪಾಸಿನಲ್ಲಿದ್ದ ಕಾಲ ಅದು. ಇದರ ಬೆಲೆ ಅದರ ಹತ್ತು ಪಟ್ಟು ದಾಟುತ್ತಿತ್ತು. ಅಷ್ಟು ದುಡ್ಡು ಯಾರ ಹತ್ತಿರ ಇತ್ತು? ಕಾಫಿಯವರ ಹತ್ತಿರ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ತೋಟಗಳು ಸುಟ್ಟು ಹೋದವು, ಪ್ರಪಂಚದಲ್ಲೆಲ್ಲಾ ಕಾಫಿ ರೇಟು ಏರಿತು. ಅದೇ ಹೊತ್ತಿಗೆ ಇಲ್ಲಿ ಕಾಫಿ ಬೋರ್ಡಿನ ಹಿಡಿತ ಸಡಿಲವಾಗುತ್ತಾ ಬಂದು, 1996ರ ಹೊತ್ತಿಗೆ ಬೆಳೆಗಾರರು ತಮ್ಮ ಕಾಫಿಯನ್ನು ತಮಗೆ ಬೇಕಾದವರಿಗೆ ಮಾರುವ ಹಾಗಾಯಿತು. ಕೊಪ್ಪ, ಬಾಳೆಹೊನ್ನೂರು, ಮೂಡಿಗೆರೆ ಕಡೆ ಆ ಎರಡು ಮೂರು ವರ್ಷ ಹೊಸ ಗಾಡಿಗಳ ಸುಗ್ಗಿ. ನನ್ನ ಕಾರಿನ ಮೊದಲ ಯಜಮಾನರು ಅಂಥ ಒಬ್ಬ ಪ್ಲಾಂಟರ್. ಅವರ ತೋಟದ ಮಣ್ಣು ರಸ್ತೆಯಲ್ಲೇ ಇದು ಅರ್ಧ ಆಯಸ್ಸು ಕಳೆದಿದೆ. ಕೆಳಭಾಗದ ಗೀರುಗಳೇ ಅದಕ್ಕೆ ಸಾಕ್ಷಿ.

ಹಾಗಾಗಿ "ಇಂಥ ಕಾರು ನಮ್ಮ ರಸ್ತೆಗಲ್ಲ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಇದು ಬೆಳೆದದ್ದೇ ನಮ್ಮ ರಸ್ತೆಯಲ್ಲಿ.

ಸೇತುವೆ ಮೇಲೆ

ಅಮ್ಮ ಹೇಳಿದ ಸಿಗಂದೂರಿನ ಸೇತುವೆ, ಅಂದರೆ ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ, 2025ರ ಜುಲೈ 14ಕ್ಕೆ ಉದ್ಘಾಟನೆ ಆಯಿತು. ಎರಡೂವರೆ ಕಿಲೋಮೀಟರಿಗೆ ಸ್ವಲ್ಪ ಕಮ್ಮಿ ಉದ್ದ. ಹೊರಗಿನವರಿಗೆ ಅದೊಂದು ನೋಡುವ ಜಾಗ. ಹಿನ್ನೀರಿನಾಚೆಯ ಕರೂರು ಹೋಬಳಿಯವರಿಗೆ ಹಾಗಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ತುಂಬಿಕೊಂಡಾಗ ಅಮ್ಮನಿಗೆ ಹನ್ನೆರಡು ಹದಿಮೂರು ವರ್ಷ. ತುಮರಿ ಕಡೆಯ ಹುಡುಗಿ. ಅಜ್ಜನ ಗದ್ದೆ ನೀರಿನಡಿಗೆ ಹೋಯಿತು, ಸಾಗರ ಪೇಟೆ ಆಚೆ ದಡಕ್ಕೆ ಹೋಯಿತು. ಆಮೇಲೆ ಏನಿದ್ದರೂ ಜನರನ್ನೂ ಗಾಡಿಗಳನ್ನೂ ದಾಟಿಸುವ ಲಾಂಚು. ಬಾಣಂತಿಯೂ ಲಾಂಚಿನಲ್ಲಿ, ಹೆಣವೂ ಲಾಂಚಿನಲ್ಲಿ. ಸಂಜೆಯ ಕೊನೇ ಲಾಂಚು ತಪ್ಪಿದರೆ ಈಚೆ ದಡದಲ್ಲೇ ರಾತ್ರಿ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಗಾಡಿಗಳನ್ನು ಹತ್ತಿಸುತ್ತಲೇ ಇರಲಿಲ್ಲ.

ಈ ಕಾರನ್ನು ಲಾಂಚಿಗೆ ಹತ್ತಿಸುವುದು ಒಂದು ಕಲೆಯೇ ಆಗಿತ್ತು. ಉದ್ದ ಮೂತಿ, ತಗ್ಗು ಮೈ. ದಡದ ಇಳಿಜಾರು ಮುಗಿದು ಲಾಂಚಿನ ಕಬ್ಬಿಣದ ಹಲಗೆ ಏರುವ ಜಾಗದಲ್ಲಿ ಮುಂದಿನ ಬಂಪರ್ ಕೆಳಗೆ ಕರ್ ಅನ್ನುತ್ತಿತ್ತು. "ಓರೆ ತಗೊಳ್ಳಿ, ಓರೆ ತಗೊಳ್ಳಿ, ಒಂದೊಂದೇ ಚಕ್ರ ಹತ್ತಲಿ" ಅಂತ ಲಾಂಚಿನವರು ಕೈಬೀಸಿ ಹತ್ತಿಸುತ್ತಿದ್ದರು. ಹಿಂದೆ ಜೀಪಿನವರು, ಮುಂದೆ ಬಸ್ಸು, ನಡುವೆ ಈ ಕಾರು. ಅಮ್ಮ ಪ್ರತಿ ಸಲವೂ ಇಳಿದು ದಡದಲ್ಲಿ ನಿಂತು, ಕಾರು ಹತ್ತಿದ ಮೇಲೆ ನಡೆದು ಬರುತ್ತಿದ್ದಳು.

ಈ ಸಲ ಅವಳು ಇಳಿಯಲಿಲ್ಲ. ಮಳೆ ಸ್ವಲ್ಪ ಬಿಟ್ಟಿತ್ತು. ಗ್ಲಾಸು ಇಳಿಸಿದಳು. ನಾನು ಎರಡನೇ ಗೇರಿನಲ್ಲಿ, ಪಕ್ಕದಲ್ಲಿ ಫೋಟೋ ತೆಗೆಯುವವರನ್ನು ದಾಟಿಕೊಂಡು ನಿಧಾನ ಹೋದೆ. ಎರಡೂ ಕಡೆ ಕೆಂಪು ನೀರು ದಡ ಮುಟ್ಟಿತ್ತು. "ಆ ಗುಡ್ಡ ನೋಡು, ಈಗ ನಡುಗಡ್ಡೆ ಆಗಿದೆಯಲ್ಲ, ಅದರ ಬುಡದಲ್ಲೇ ನಮ್ಮ ಗದ್ದೆ. ಅಲ್ಲಿಂದ ನಡೆದುಕೊಂಡೇ ಶಾಲೆಗೆ ಹೋಗ್ತಿದ್ವಿ" ಅಂದಳು. ಆಮೇಲೆ ಲೆಕ್ಕ ಹಾಕತೊಡಗಿದಳು. ಈ ಸೇತುವೆ ಇದ್ದಿದ್ದರೆ ಯಾರ್ಯಾರು ಉಳಿಯುತ್ತಿದ್ದರು ಅಂತ. ಹಾವು ಕಚ್ಚಿದ ಅವಳ ದೊಡ್ಡಪ್ಪನ ಮಗ, ಹೆರಿಗೆಗೆ ಹೊರಟು ದಡದಲ್ಲೇ ಹೋದ ಪಕ್ಕದ ಮನೆಯ ಅತ್ತಿಗೆ. ಆಚೆ ದಡ ಬರುವವರೆಗೂ ಹೆಸರುಗಳು ಮುಗಿಯಲಿಲ್ಲ. ಆ ಮಾತೆಲ್ಲ ನನಗೆ ಸ್ಪಷ್ಟವಾಗಿ ಕೇಳಿಸಿತು. ಅವಳ ದನಿ ಸಣ್ಣದು, ಬೇರೆ ಗಾಡಿಯಲ್ಲಾಗಿದ್ದರೆ ಆಂ ಆಂ ಅಂತ ತಿರುಗಿ ಕೇಳಬೇಕಾಗುತ್ತಿತ್ತು.

ಸೀಟು, ಸ್ಟೀರಿಂಗ್, ಒಂದೇ ವೈಪರ್

ನಾಗೋಡಿ ಘಾಟಿ ಇಳಿದು ಕೊಲ್ಲೂರು, ಕುಂದಾಪುರ, ಉಡುಪಿ. ಆ ಭಾಗದ ಬಗ್ಗೆ ಹೇಳುವಂಥದ್ದೇನಿಲ್ಲ, ಕರಾವಳಿಯ ಹೈವೇ ಎಲ್ಲರಿಗೂ ಗೊತ್ತು. ಉಡುಪಿಯಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಹತ್ತಿದೆವು.

ಆಗುಂಬೆಯ 14 ತಿರುವುಗಳಲ್ಲಿ ಉದ್ದ ಕಾರು ಒದ್ದಾಡುತ್ತದೆ ಅಂತ ಅಂದುಕೊಳ್ಳುತ್ತೇವೆ. ಇದು ಒದ್ದಾಡುವುದಿಲ್ಲ. ಇದರಲ್ಲಿ ಎಂಜಿನ್ ಉದ್ದಕ್ಕೆ ಕೂತಿದೆ, ಎಳೆಯುವುದು ಹಿಂದಿನ ಚಕ್ರ. ಮುಂದಿನ ಚಕ್ರಕ್ಕೆ ಆಕ್ಸಲ್‌ನ ಹಂಗಿಲ್ಲ, ಹಾಗಾಗಿ ಅವು ತುಂಬಾ ಓರೆಯಾಗಿ ತಿರುಗುತ್ತವೆ. ಮೇಲಿನಿಂದ ಮಿನಿ ಬಸ್ಸು ಇಳಿಯುತ್ತಿರುವಾಗ, ಇಂಥ ಹೇರ್‌ಪಿನ್ನಿನಲ್ಲಿ ಎಷ್ಟೋ ಸಣ್ಣ ಕಾರಿನವರು ಹಿಂದೆ ಮುಂದೆ ಮಾಡುವ ಕಡೆ, ಇದು ಒಂದೇ ಸಲಕ್ಕೆ ಹೊರಳಿಕೊಳ್ಳುತ್ತದೆ. ಸ್ಟೀರಿಂಗ್ ದೊಡ್ಡದು, ಸ್ವಲ್ಪ ನಿಧಾನ. ಹೊಸ ಗಾಡಿ ಓಡಿಸಿ ರೂಢಿಯಾದವರಿಗೆ ಮೊದಲಿಗೆ ಮಂದ ಅನ್ನಿಸುತ್ತದೆ. ಆದರೆ ಗುಂಡಿಗೆ ಚಕ್ರ ಬಿದ್ದಾಗ ಆ ಹೊಡೆತ ಕೈಗೆ ಬರುವುದಿಲ್ಲ. ಸಂಜೆ ಹೊತ್ತಿಗೆ ಹೆಗಲು ಹಗುರವಾಗಿರುವುದಕ್ಕೆ ಇದೂ ಒಂದು ಕಾರಣ.

ಹಿಂದಿನ ಒಂದೊಂದು ಚಕ್ರವನ್ನೂ ಐದೈದು ತೋಳುಗಳು ಹಿಡಿದುಕೊಂಡಿವೆ. ಮಲ್ಟಿಲಿಂಕ್ ಅನ್ನುವ ಈ ಏರ್ಪಾಡು ಬೆಂಜಿನಲ್ಲಿ 1982ರ 190 ಮಾದರಿಯಲ್ಲಿ ಬಂದು, ಆಮೇಲೆ ಇದಕ್ಕೆ ಬಂತು. ಶೋರೂಮಿಗೆ ಬಂದವರು ಯಾರೂ ಬಗ್ಗಿ ನೋಡಿ "ಓಹೋ, ಐದು ತೋಳು ಇದೆ" ಅಂತ ಕಾರು ಕೊಳ್ಳುವುದಿಲ್ಲ. ಸೀಟೂ ಹಾಗೇ. ಕೂತ ತಕ್ಷಣ ಗಟ್ಟಿ ಅನ್ನಿಸುತ್ತದೆ, ಇದೆಂಥ ಲಕ್ಷುರಿ ಅನ್ನಿಸುತ್ತದೆ. ಒಳಗೆ ಬರೀ ಸ್ಪಂಜು ಅಲ್ಲ, ಉಕ್ಕಿನ ಸ್ಪ್ರಿಂಗು, ಅದರ ಮೇಲೆ ನಾರಿನ ಮೆತ್ತೆ. ಮೂರನೇ ಗಂಟೆಯಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ನಮ್ಮ ಹಳೇ ಮನೆಗಳಲ್ಲಿ ಅಟ್ಟದ ಮೇಲೆ, ಯಾರ ಕಣ್ಣೂ ಬೀಳದ ತೊಲೆಯನ್ನೂ ಬಡಗಿ ಹೆರೆದು ನುಣುಪು ಮಾಡಿರುತ್ತಾನಲ್ಲ, ಹಾಗೆ ದುಡ್ಡು ಸುರಿದಿದ್ದಾರೆ. ಇದೇ ಉಳಿಯುವುದು ಅಂತ ನನ್ನ ನಂಬಿಕೆ. ಡ್ಯಾಶ್‌ಬೋರ್ಡಿನ ಮರದ ಪಟ್ಟಿ ಬಿಸಿಲಿಗೆ ಬಿರುಕು ಬಿಟ್ಟಿದೆ, ಮೂತಿಯ ಮೇಲಿನ ನಕ್ಷತ್ರವನ್ನು ಯಾರೋ ಮುರಿದುಕೊಂಡು ಹೋಗಿ ವರ್ಷಗಳಾದವು. ಕೊಳ್ಳುವವರಿಗೆ ತೋರಿಸಲು ಇಟ್ಟದ್ದೆಲ್ಲ ಮೊದಲು ಹೋಯಿತು. ಕೂತವರಿಗೆ ಅಂತ ಮಾಡಿದ್ದು ಇದೆ.

ಶೃಂಗೇರಿಯಲ್ಲಿ ಊಟ ಮುಗಿಸಿ ಕೆರೆಕಟ್ಟೆ ಮೇಲೆ ಕುದುರೆಮುಖದ ದಾರಿ ಹಿಡಿದೆವು. ತನಿಕೋಡು ಚೆಕ್‌ಪೋಸ್ಟಿನಲ್ಲಿ ಚೀಟಿ ಕೊಟ್ಟರು, ನಡುವೆ ಎಲ್ಲೂ ನಿಲ್ಲಿಸಬೇಡಿ ಅಂದರು. ಹಳೇ ಸೌತ್ ಕೆನರಾ ಜಿಲ್ಲೆಯ ಗಡಿಯಾದ ಎಸ್ ಕೆ ಬಾರ್ಡರ್ ದಾಟುವ ಹೊತ್ತಿಗೆ ಮಳೆ ಎಂಥದು ಅಂತೀರಿ! ಮಲೆನಾಡಿನವರಿಗೆ ಮಳೆ ವರ್ಣಿಸುವುದು ಬೇಡ. ಬಾನೆಟ್ಟಿನ ತುದಿ ಕಾಣುತ್ತಿರಲಿಲ್ಲ ಅಂದರೆ ಸಾಕು.

ಈ ಕಾರಿಗಿರುವುದು ಒಂದೇ ವೈಪರ್. ಅದನ್ನು ನೋಡಿ "ಇನ್ನೊಂದು ಎಲ್ಲಿ?" ಅಂತ ಕೇಳದವರಿಲ್ಲ. ಗಾಜಿನ ನಡುವಿನಿಂದ ಹೊರಡುವ ಒಂದೇ ಕೈ, ಆದರೆ ಆ ಕೈ ಸುಮ್ಮನೆ ಅರ್ಧ ಚಕ್ರ ತಿರುಗುವುದಿಲ್ಲ. ಬುಡದಲ್ಲಿರುವ ಗೇರು ಅದನ್ನು ಮೂಲೆಯ ಕಡೆ ಹೋಗುವಾಗ ಉದ್ದ ಮಾಡುತ್ತದೆ, ನೆತ್ತಿಗೆ ಬಂದಾಗ ಒಳಗೆಳೆದುಕೊಳ್ಳುತ್ತದೆ, ಇನ್ನೊಂದು ಮೂಲೆಗೆ ಮತ್ತೆ ಚಾಚುತ್ತದೆ. ಗಾಜಿನ ಶೇಕಡಾ 86 ಭಾಗ ಒಂದೇ ಕೈ ಒರೆಸುತ್ತದೆ. ಜೋರು ಇಟ್ಟರೆ ಇಡೀ ಕೈ ಚಾಚಿ ಮಡಚಿ ಚಾಚಿ ಮಡಚಿ ಕೆಲಸ ಮಾಡುವುದನ್ನು ನೋಡುತ್ತಿದ್ದರೆ ಅದರ ಮೇಲೆ ಪ್ರೀತಿ ಬರುತ್ತದೆ. ಅಮ್ಮ ಹಿಂದಿನಿಂದ ಬಗ್ಗಿ ಅದನ್ನೇ ನೋಡುತ್ತಿದ್ದಳು. "ಪಾಪ, ಒಬ್ಬನೇ ಎಷ್ಟು ಒದ್ದಾಡ್ತಾನೆ" ಅಂದಳು. ಸ್ವಲ್ಪ ಹೊತ್ತಿಗೆ ಕನ್ನಡಿಯಲ್ಲಿ ನೋಡಿದರೆ ಸೀಟಿಗೊರಗಿ ನಿದ್ದೆ ಮಾಡಿದ್ದಳು. ಘಾಟಿ ರಸ್ತೆಯಲ್ಲಿ, ಆ ಮಳೆಯಲ್ಲಿ, ವಾಂತಿ ಬರುತ್ತೆ ಅಂತ ಲಿಂಬೆಹಣ್ಣು ಮೂಸುತ್ತಾ ಕೂರುವ ಹೆಂಗಸು ನಿದ್ದೆ ಮಾಡಿದ್ದಳು. ಬಂಕಿನ ಹುಡುಗನ ಪ್ರಶ್ನೆಗೆ ನನ್ನ ಹತ್ತಿರ ಇದಕ್ಕಿಂತ ದೊಡ್ಡ ಉತ್ತರ ಇಲ್ಲ.

ಕೀ ತೆಗೆದರೂ ನಿಲ್ಲದ ಎಂಜಿನ್

ಕಳಸದಲ್ಲಿ ಚಿಕ್ಕಮ್ಮನ ಮನೆ ಅಂಗಳಕ್ಕೆ ಹೋಗುವಾಗ ಕತ್ತಲಾಗುತ್ತಿತ್ತು. ಕೀ ತಿರುಗಿಸಿದೆ, ಎಂಜಿನ್ ನಿಲ್ಲಲಿಲ್ಲ. ಕೀ ತೆಗೆದು ಕೈಯಲ್ಲಿ ಹಿಡಿದೆ, ಅದು ತನ್ನ ಪಾಡಿಗೆ ಗಡಗಡ ಅನ್ನುತ್ತಲೇ ಇತ್ತು. ಛತ್ರಿ ಹಿಡಿದು ಬಂದ ಚಿಕ್ಕಮ್ಮ ಅಂಗಳದಲ್ಲೇ ನಿಂತುಬಿಟ್ಟಳು. "ಇದೆಂತ ಮಾರಾಯ, ಕೀಲಿ ನಿನ್ನ ಕೈಯಲ್ಲಿದೆ, ಗಾಡಿ ಓಡ್ತಾನೇ ಇದೆಯಲ್ಲ!"

ಹಳೇ ಬೆಂಜ್ ಡೀಸೆಲ್ ಇಟ್ಟುಕೊಂಡವರಿಗೆ ಇದು ಗೊತ್ತಿರುವ ಕಾಯಿಲೆ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ, ಹಾಗಾಗಿ ಕರೆಂಟು ಕತ್ತರಿಸಿದರೆ ಅದು ನಿಲ್ಲಬೇಕಾಗಿಲ್ಲ. ಡೀಸೆಲ್ ನಿಲ್ಲಿಸಬೇಕು. ಈ ಕಾರುಗಳಲ್ಲಿ ಆ ಕೆಲಸ ವ್ಯಾಕ್ಯೂಮ್ ಮಾಡುತ್ತದೆ. ಎಂಜಿನ್ನಿಗೆ ಸೇರಿದ ಒಂದು ಪಂಪು ಗಾಳಿ ಎಳೆಯುತ್ತಿರುತ್ತದೆ, ಕೀ ಆಫ್ ಮಾಡಿದಾಗ ಆ ಎಳೆತ ಸಣ್ಣ ಪೈಪಿನಲ್ಲಿ ಡೀಸೆಲ್ ಪಂಪಿಗೆ ಹೋಗಿ ಅದನ್ನು ಮುಚ್ಚುತ್ತದೆ. ಪೈಪಿನ ದಾರಿಯಲ್ಲಿ ಎಲ್ಲೋ ಗಾಳಿ ಸೋರಿದರೆ ಮುಗಿಯಿತು, ಎಂಜಿನ್ನಿಗೆ ನಿಲ್ಲು ಅಂತ ಹೇಳುವವರೇ ಇಲ್ಲ. ಕಟ್ಟಿದವರಿಗೆ ಇದೂ ಗೊತ್ತಿತ್ತು. ಬಾನೆಟ್ ಎತ್ತಿದರೆ ಪಂಪಿನ ಹತ್ತಿರ ಸ್ಟಾಪ್ ಅಂತ ಬರೆದ ಒಂದು ಲಿವರ್ ಇದೆ. ಬೆರಳಲ್ಲಿ ಒತ್ತಿ ಹಿಡಿದೆ, ನಿಂತಿತು.

ಬೆಳಿಗ್ಗೆ ಚಿಕ್ಕಪ್ಪ ಒಬ್ಬ ಮೆಕ್ಯಾನಿಕ್ ಕರೆದುಕೊಂಡು ಬಂದರು. ಕಳಸದ ಸುತ್ತ ಜೀಪುಗಳ ರಾಜ್ಯ, ಅವರು ಜೀಪಿನ ಕೈ. ಬೆಂಜ್ ಬಾನೆಟ್ ಎತ್ತಿದ್ದು ಅದೇ ಮೊದಲು. ಆದರೆ ಒಳಗೆ ನೋಡಿ ಅವರು ಹೆದರಲಿಲ್ಲ. ಹೊಸ ಗಾಡಿಯಾಗಿದ್ದರೆ ಮೇಲೆ ಒಂದು ಪ್ಲಾಸ್ಟಿಕ್ ಮುಚ್ಚಳ, ಕೆಳಗೆ ಕಂಪ್ಯೂಟರ್, ಲ್ಯಾಪ್‌ಟಾಪ್ ಇಲ್ಲದೆ ಮಾತೇ ಇಲ್ಲ. ಇಲ್ಲಿ ಪೈಪು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಅಂತ ಕಣ್ಣಿಗೆ ಕಾಣುತ್ತದೆ. ಅವರು ಒಂದೊಂದೇ ಜೋಡಣೆ ಬಿಚ್ಚಿ, ತುದಿಯನ್ನು ಬಾಯಿಗಿಟ್ಟು ಎಳೆದು, ನಾಲಿಗೆಯಿಂದ ಮುಚ್ಚಿ ನೋಡಿದರು. ಎಳೆತ ಹಿಡಿದುಕೊಂಡರೆ ಸರಿ, ಸೋರಿದರೆ ಅದೇ ಜಾಗ. ನಾಲ್ಕೈದು ಬಿಚ್ಚುವಷ್ಟರಲ್ಲಿ ಸಿಕ್ಕಿತು. ಉಗುರಿನಷ್ಟು ದೊಡ್ಡ ರಬ್ಬರ್ ಜಾಯಿಂಟ್, ಹಿಂಡಿದರೆ ಬಿರುಕು ಬಾಯಿ ಬಿಡುತ್ತಿತ್ತು. ಬೈಕಿನ ಪೆಟ್ರೋಲ್ ಪೈಪಿನ ತುಂಡು ಕತ್ತರಿಸಿ ತುರುಕಿದರು. ಕೀ ತಿರುಗಿಸಿದರೆ ಎಂಜಿನ್ ತಕ್ಷಣ ನಿಂತಿತು.

ನಾನು ಅಷ್ಟಕ್ಕೇ ಬಾನೆಟ್ ಹಾಕಲು ಹೋದೆ, ಅವರು ತಡೆದರು. "ಬ್ರೇಕಿನ ಬೂಸ್ಟರ್ರೂ ಇದೇ ಪಂಪಿಂದ ಎಳೆಯೋದಲ್ವಾ? ಅದು ನೋಡದೆ ಘಾಟಿಗೆ ಬಿಡಲ್ಲ." ನಮ್ಮ ಕಾಲಿನ ತುಳಿತಕ್ಕೆ ಬಲ ಕೂಡಿಸುವುದು ಈ ಬೂಸ್ಟರ್. ಎಂಜಿನ್ ಆಫ್ ಇಟ್ಟು ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೂ ತುಳಿಸಿದರು. ಹಾಗೇ ತುಳಿದು ಹಿಡಿದು ಸ್ಟಾರ್ಟ್ ಮಾಡಿ ಅಂದರು. ಪೆಡಲು ಕಾಲಡಿ ಸ್ವಲ್ಪ ಇಳಿಯಿತು. ಇಳಿದರೆ ಬೂಸ್ಟರ್ ಚೆನ್ನಾಗಿದೆ ಅಂತ. ಹಳೇ ಕಾರಿನಲ್ಲಿ ಬೆಟ್ಟದ ಕಡೆ ಹೊರಡುವವರು ಯಾರೇ ಆಗಲಿ, ಇದನ್ನು ಕಲಿತಿರಬೇಕು. ಯಾವ ಉಪಕರಣವೂ ಬೇಡ, ಕಾಲೊಂದು ಸಾಕು. ಅವರು ದುಡ್ಡು ಬೇಡ ಅಂದರು, ಚಿಕ್ಕಮ್ಮ ಬಿಡದೆ ಕಡುಬು ತಿನ್ನಿಸಿ ಕಳಿಸಿದಳು.

ಖರ್ಚಿನ ಮಾತು

ಇಷ್ಟೆಲ್ಲ ಓದಿ ಯಾರಾದರೂ ಹಳೇ ಬೆಂಜ್ ಹುಡುಕಲು ಹೊರಟರೆ, ಒಂದು ಮಾತು. ಕೊಳ್ಳುವ ಬೆಲೆ ಇಳಿಯುತ್ತದೆ, ಸಾಕುವ ಬೆಲೆ ಇಳಿಯುವುದಿಲ್ಲ. ಕಾರು ಸಣ್ಣ ಕಾರಿನ ರೇಟಿಗೆ ಸಿಕ್ಕಿರಬಹುದು, ಪಾರ್ಟ್ಸ್ ಅಂಗಡಿಯವರಿಗೆ ಅದು ಇವತ್ತಿಗೂ ಬೆಂಜೇ. ಆ ಐದೈದು ತೋಳುಗಳ ತುದಿಯಲ್ಲಿ ಒಂದೊಂದು ರಬ್ಬರ್ ಬುಶ್, ಎಲ್ಲಕ್ಕೂ ವಯಸ್ಸಾಗಿರುತ್ತದೆ. ಕಾರು ಕಡಿಮೆ ಓಡಿದೆ ಅಂತ ಸಂತೋಷ ಪಡಬೇಡಿ, ರಬ್ಬರಿಗೆ ಕಿಲೋಮೀಟರಿನ ಲೆಕ್ಕ ಇಲ್ಲ, ಅದು ನಿಂತಲ್ಲೇ ಒಣಗುತ್ತದೆ. ಟೈರೂ ಅಷ್ಟೇ. ಟೈರಿನ ಪಕ್ಕದ ಗೋಡೆಯ ಮೇಲೆ ತಯಾರಾದ ದಿನದ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಟೈರಿನ ಮೇಲಿನ ಗೆರೆಗಳು ಎಷ್ಟೇ ಚೆನ್ನಾಗಿ ಕಾಣಲಿ, ಆ ವರ್ಷ ಹಳೇದಾಗಿದ್ದರೆ ಮಳೆಯ ಘಾಟಿಗೆ ಅದು ಬೇಡ. ಪುಣ್ಯಕ್ಕೆ ಇದರ ಅಳತೆ 195/65 ಆರ್ 15, ಎಲ್ಲಾ ಕಡೆ ಸಿಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ನಮ್ಮ ಕಡೆ ತೇವಕ್ಕೇನು ಕಮ್ಮಿ? ನೀರು ಸೇರಿದ ಆಯಿಲ್ ಇಳಿಜಾರಿನ ಬಿಸಿಗೆ ಕುದಿದರೆ ಪೆಡಲು ಸೀದಾ ಕೆಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು, ಇಳಿಯುವಾಗ ಕೆಳಗಿನ ಗೇರಿನಲ್ಲೇ ಇಳಿಯಬೇಕು.

ಹೊಗೆಯ ಮಾತನ್ನೂ ಮುಚ್ಚಿಡುವುದಿಲ್ಲ. ಇದು ಗಾಡಿಯ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ (ಬಿಎಸ್) ನಿಯಮಗಳು ಬರುವ ಮೊದಲಿನ ಡೀಸೆಲ್. 2020ರಿಂದ ಬರುತ್ತಿರುವ ಬಿಎಸ್ 6 ಗಾಡಿಗಳ ಪಕ್ಕ ಇಟ್ಟರೆ ಇದರ ಹೊಗೆ ಜಾಸ್ತಿಯೇ. ಅದಕ್ಕೇ ಪೇಟೆಗೆ, ತರಕಾರಿಗೆ ಇದನ್ನು ತೆಗೆಯುವುದಿಲ್ಲ. ದೆಹಲಿಯಲ್ಲಾಗಿದ್ದರೆ ಇಷ್ಟು ಹಳೇ ಡೀಸೆಲ್ ಅನ್ನುವ ಕಾರಣಕ್ಕೆ ಇದು ರಸ್ತೆ ಕಾಣುತ್ತಿರಲಿಲ್ಲ. ನಮ್ಮಲ್ಲಿ ಹದಿನೈದು ವರ್ಷದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕು, ಹಸಿರು ತೆರಿಗೆ ಬೇರೆ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಇಪ್ಪತ್ತು ವರ್ಷ ದಾಟಿದ ಕಾರುಗಳ ನವೀಕರಣ ಶುಲ್ಕವನ್ನು 10,000 ರೂಪಾಯಿಗೆ ಏರಿಸಿತು, ಮೊದಲು 5,000 ಇತ್ತು. ಕೊಡುತ್ತೇನೆ, ನನಗೆ ಅದರ ಬಗ್ಗೆ ಸಿಟ್ಟಿಲ್ಲ. ಆದರೆ ದುಡ್ಡು ತಗೊಂಡ ಮೇಲೆ ಗಾಡಿಯನ್ನು ನಿಜವಾಗಿ ಪರೀಕ್ಷೆ ಮಾಡಬೇಕು. ಬ್ರೇಕು ನೋಡಿ, ಹೊಗೆ ಅಳೆಯಿರಿ, ಕೆಳಗೆ ಬಗ್ಗಿ ತುಕ್ಕು ಹುಡುಕಿ, ಫೇಲಾದರೆ ಫೇಲು ಮಾಡಿ. ಹುಟ್ಟಿದ ವರ್ಷ ಮಾತ್ರ ನೋಡಿ ಗುಜರಿಗೆ ಕಳಿಸುವುದು, ಇಲ್ಲವೇ ನೋಡದೆಯೇ ಪಾಸು ಮಾಡುವುದು, ಎರಡರಿಂದಲೂ ರಸ್ತೆಯಲ್ಲಿ ಯಾರಿಗೂ ಒಳ್ಳೇದಾಗುವುದಿಲ್ಲ.

ಹೊರನಾಡಿನಲ್ಲಿ ಪೂಜೆ ಮುಗಿಸಿ ಬಾಳೆಹೊನ್ನೂರು, ಎನ್ ಆರ್ ಪುರ, ಉಂಬಳೇಬೈಲಿನ ಮೇಲೆ ಶಿವಮೊಗ್ಗಕ್ಕೆ ಬಂದೆವು. ಮರುದಿನ ಬೆಳಿಗ್ಗೆ ಅಮ್ಮ ಎಂದಿನ ಹೊತ್ತಿಗೇ ಎದ್ದು ಅಂಗಳಕ್ಕೆ ನೀರು ಹಾಕುತ್ತಿದ್ದಳು. ಚಿಕ್ಕಮ್ಮ ಫೋನು ಮಾಡಿ, ದೀಪಾವಳಿ ಕಳೆದ ಮೇಲೆ ಗೋಕರ್ಣಕ್ಕೆ ಹೋಗುವ, ನಿನ್ನ ಆ ಹಳೇ ಗಾಡಿಯೇ ಆಗಬೇಕು ಅಂದಿದ್ದಾಳೆ. ಅಷ್ಟರೊಳಗೆ ಹಿಂದಿನ ಎಡಗಡೆಯ ಬುಶ್ ಬದಲಿಸಬೇಕು. ಪುಣೆಗೆ ಆರ್ಡರ್ ಹಾಕಿದ್ದೇನೆ, ಪಾರ್ಸೆಲ್ ಇನ್ನೂ ಬಂದಿಲ್ಲ.